ಎರಡನೇ ಸಲ ಕೇಳದ ಕಾಕಾ

ಪಕ್ಕದ ಮನೆಯ ಗ್ಯಾರೇಜಿನ ಸದ್ದು ನಿಂತು ಎರಡು ತಿಂಗಳಾಗುತ್ತ ಬಂತು. ನನ್ನ ಅಡುಗೆಮನೆಯ ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿಗಳು ಈಗ ಇಟ್ಟಲ್ಲೇ ಇರುತ್ತವೆ. ಮೊದಲೆಲ್ಲ ಸಂಜೆ ಕುಕ್ಕರ್ ಇಡುವ ಹೊತ್ತಿಗೆ ಅವು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ನಾನು ಗೋಡೆಯ ಕಡೆ ತಿರುಗಿ ಶಾಪ ಹಾಕುತ್ತಿದ್ದೆ. ಈಗ ಶಾಪ ಹಾಕುವುದಕ್ಕೂ ಗತಿಯಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಹೊಗಳಬೇಕು ಅನ್ನುತ್ತಾರೆ. ನನಗೋ, ಆ ಮನುಷ್ಯ ಒಂದು ಗಳಿಗೆ ಎದ್ದು ಬಂದರೆ ಹೊಗಳುವುದಿರಲಿ, ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ಬೈಯಬೇಕು ಅನ್ನಿಸುತ್ತಿದೆ. ಊರವರ ಹಾಡನ್ನೆಲ್ಲ ರೆಕಾರ್ಡು ಮಾಡಿ ಹಂಚಿದವರು, ತಾವು ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟ ಒಂದು ಹಾಡನ್ನು ಮಾತ್ರ ರೆಕಾರ್ಡು ಮಾಡದೆ ಹೋದರು. ಯಾಕೆ ಮಾಡಲಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಅವರು ಹೋದ ಮೇಲೆ.

ಈ ಪರದೇಶದ ಒನೆಹುಂಗಾ ಅನ್ನುವ ಬಡಾವಣೆಗೆ ನಾವು ಬಂದ ಹೊಸತು. ಮೈಸೂರಿನಲ್ಲಿ ಸಾಯಂಕಾಲ ಏಳಾದರೆ ನಾಯಿ ಕೂಡ ಬೊಗಳದ ಬೀದಿಯಲ್ಲಿ ಬೆಳೆದವಳು ನಾನು. ಇಲ್ಲಿಯ ಮುಖ್ಯ ಬೀದಿಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಕೆಲಸ. ದಿನವಿಡೀ ನಿಂತು, ಗಿರಾಕಿಗಳ ಕೆಮ್ಮು ಕೇಳಿ ಮನೆಗೆ ಬಂದರೆ ಪಕ್ಕದ ಗ್ಯಾರೇಜಿನಿಂದ ಧಡ್ ಧಡ್ ಧಡ್. ಒಂದು ಶನಿವಾರ ತಡೆಯಲಾರದೆ ಗಂಡನನ್ನೂ ಎಳೆದುಕೊಂಡು ಹೋಗಿ ಬಾಗಿಲು ತಟ್ಟಿದೆ. ಗಿಡ್ಡಗಿನ, ದಪ್ಪ ಮೀಸೆಯ, ತಲೆಗೆ ಕೆಂಪು ಹಳದಿ ಹಸಿರು ಪಟ್ಟೆಯ ಉಲ್ಲನ್ ಟೋಪಿ ಹಾಕಿದ ವಯಸ್ಸಾದವರೊಬ್ಬರು ಬಾಗಿಲು ತೆರೆದರು. ಇಂಗ್ಲಿಷಿನಲ್ಲಿ, ಮರ್ಯಾದೆಯಾಗಿಯೇ, ನನ್ನ ದೂರು ಹೇಳಿಕೊಂಡೆ. ಅವರು ಸುಮ್ಮನೆ ನಗುತ್ತ ನಿಂತರು. ನನಗೆ ಮೈ ಉರಿಯಿತು. ಗಂಡನ ಕಡೆ ತಿರುಗಿ ಕನ್ನಡದಲ್ಲಿ, "ಈ ಮುದುಕನಿಗೆ ಕಿವಿ ಕೆಪ್ಪು ಅಂತ ಕಾಣತ್ತೆ, ಬನ್ನಿ ಹೋಗೋಣ," ಅಂದೆ.

"ಕಿವಿ ನೆಟ್ಟಗ ಅದಾವ್ರಿ," ಅಂದರು ಆ ಮುದುಕ. "ಬೇಸ್ ಕೇಳೋದು ಕಿವೀಲೆ ಅಲ್ಲ, ಹೊಟ್ಟೀಲೆ. ಬರ್ರಿ ಒಳಗ, ಮಿರ್ಚಿ ಬಿಸಿ ಅದಾವು."

ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ನನ್ನ ಗಂಡನಿಗೆ ಮಾತ್ರ ಆವತ್ತಿಗೂ ಇವತ್ತಿಗೂ ಅದಕ್ಕಿಂತ ಒಳ್ಳೆಯ ಜೋಕು ಇನ್ನೊಂದಿಲ್ಲ. ಒಳಗೆ ಹೋದರೆ ಗ್ಯಾರೇಜಿನ ಗೋಡೆಗಳಿಗೆಲ್ಲ ಹಳೆಯ ರತ್ನಗಂಬಳಿ ಹೊಡೆದಿದೆ, ಹಾಲಿನ ಕ್ರೇಟುಗಳನ್ನು ಬೋರಲು ಹಾಕಿಕೊಂಡು ಬಾಗಿಲಷ್ಟು ಅಗಲದ ನಾಲ್ಕೈದು ಗಂಡಸರು ಕೂತು ಮಿರ್ಚಿ ಭಜಿ ತಿನ್ನುತ್ತ ಕಣ್ಣುಮೂಗಲ್ಲಿ ನೀರು ಸುರಿಸುತ್ತಿದ್ದಾರೆ. ಅವರ ನಡುವೆ ಸೆರಗು ಸಿಕ್ಕಿಸಿಕೊಂಡ ಸಣ್ಣಗಿನ ಹೆಂಗಸೊಬ್ಬರು ತಟ್ಟೆ ಹಿಡಿದು ಓಡಾಡುತ್ತಿದ್ದಾರೆ. ನಾನು ಅಂಕಲ್, ಆಂಟಿ ಅಂತ ಶುರು ಮಾಡಿದೆ. "ಅಂಕಲ್ ಅಂತ ಮೂಲಿ ಮ್ಯಾಲಿನ ಡೇರಿ ಅಂಗಡ್ಯಾವಗ ಅನ್ರಿ. ನಾವು ಕಾಕಾ, ಕಾಕು," ಅಂದರು. ಅವತ್ತಿನಿಂದ ಅವರು ನಮಗೆ ಕಾಕಾ, ಅವರ ಹೆಂಡತಿ ಕಾಕು.

ಕಾಕಾ ಗದಗಿನ ಕಡೆಯವರು. ನಾನಿನ್ನೂ ಶಾಲೆ ಮೆಟ್ಟಿಲು ಹತ್ತುವ ಮೊದಲೇ ಫಿಟ್ಟರ್ ಕೆಲಸಕ್ಕೆಂದು ಈ ದೇಶಕ್ಕೆ ಬಂದವರು. ಕಾರ್ಖಾನೆಯಲ್ಲಿ ಜತೆಗಿದ್ದವರು ಈ ನೆಲದ ಮೂಲ ಜನರಾದ ಮಾವೊರಿಗಳು, ಸಮೋವಾ ದ್ವೀಪದವರು. ಟೀ ಹೊತ್ತಿಗೆ ಅವರ ಟೇಪ್ ರೆಕಾರ್ಡರಿನಲ್ಲಿ ರೆಗೆ. ಜಮೈಕಾದಿಂದ ಬಂದ ಆ ಸಂಗೀತ ಇಲ್ಲಿಯ ಜನಕ್ಕೆ ಪ್ರಾಣ, ತಮ್ಮದೇ ಅನ್ನುವಂತೆ ಹಾಡುತ್ತಾರೆ. ಮೊದಲನೇ ಸಲ ಕೇಳಿದಾಗ ಕಾಕಾ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟು ಅತ್ತುಬಿಟ್ಟರಂತೆ.

"ಯಾಕೆ ಕಾಕಾ?" ಅಂತ ಕೇಳಿದ್ದೆ.

"ಬೀಸುಕಲ್ಲು ನೋಡೀರೇನು ನೀವು? ಮೈಸೂರಾಗ ಎಲ್ಲಿ ನೋಡ್ತೀರಿ ಬಿಡ್ರಿ. ನಮ್ಮವ್ವ ಬೀಸೂ ಮುಂದ ತೊಡೀ ಮ್ಯಾಲೆ ಮಲಗ್ತಿದ್ದೆ. ಕಲ್ಲು ಜಗ್ಗತಾಳ, ಬಿಡ್ತಾಳ. ಎಲ್ಲಾರ ಹಾಡೂ ಜಗ್ಗಿದಾಗ ಪೆಟ್ಟು ಹಾಕ್ತಾವ. ಈ ರೆಗೆ ಐತಲ್ಲ, ಬಿಟ್ಟಾಗ ಹಾಕ್ತೈತಿ. ನಮ್ಮವ್ವನೂ ಬಿಟ್ಟಾಗ ಪದ ಎತ್ತತಿದ್ಲು."

ಇದು ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಸಂಗೀತ ತಿಳಿದವರು ಯಾರಾದರೂ ತಲೆ ಅಲ್ಲಾಡಿಸಿ ನಕ್ಕರೂ ನಗಬಹುದು. ಆದರೆ ಅದೊಂದು ನಂಬಿಕೆಯ ಮೇಲೆ ಆ ಮನುಷ್ಯ ಬದುಕಿಡೀ ಕಳೆದರು. ದೊಡ್ಡ ಕಂಪನಿಗಳು ತಿರುಗಿಯೂ ನೋಡದ ರೆಗೆ ಬ್ಯಾಂಡುಗಳನ್ನು ಹುಡುಕಿಕೊಂಡು ಹೋಗಿ, ತಮ್ಮದೇ ಸಣ್ಣ ರೆಕಾರ್ಡು ಕಂಪನಿ, ಅಂದರೆ ಲೇಬಲ್, ಕಟ್ಟಿ, ಗ್ಯಾರೇಜಿನಲ್ಲೇ ರೆಕಾರ್ಡು ಮಾಡಿ ಹೊರಗೆ ತಂದರು. ರೆಕಾರ್ಡಿನ ನಡುವಿನ ಕಾಗದದ ಮೇಲೆ ಬೀಸುಕಲ್ಲಿನ ಚಿತ್ರ. ಕೊಂಡವರೆಲ್ಲ ಅದನ್ನು ಹಿಡಿಕೆ ಇರುವ ರೆಕಾರ್ಡು ಅಂದುಕೊಂಡರು. ಕಾಕಾ ಯಾರನ್ನೂ ತಿದ್ದಲು ಹೋಗಲಿಲ್ಲ.

ನಮ್ಮ ಕನ್ನಡದವರ ನಡುವೆ ಅವರಿಗೆ ಅಂಥ ಹೆಸರೇನೂ ಇರಲಿಲ್ಲ. ರೆಗೆ ಅಂದರೆ ಗಾಂಜಾ ಅನ್ನುವುದೊಂದೇ ಗೊತ್ತು ನಮ್ಮವರಿಗೆ. ಈ ಮನುಷ್ಯ ಚಹಾ ಬಿಟ್ಟರೆ ಬೇರೆ ಚಟ ಕಂಡವರಲ್ಲ. ಒಂದು ರಾಜ್ಯೋತ್ಸವಕ್ಕೆ ಅದೇ ಟೋಪಿ ಹಾಕಿಕೊಂಡು ಬಂದಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಮಹಾಶಯರೊಬ್ಬರು, "ಏನ್ ಸರ್, ನಮ್ಮ ಬಾವುಟಕ್ಕೆ ಹಸಿರು ಯಾಕೆ ಸೇರಿಸಿದ್ದೀರಿ?" ಅಂತ ಗಂಭೀರವಾಗಿಯೇ ಕೇಳಿದರು. "ಹಳದಿ ಕೆಂಪು ನಿಮ್ದು, ಹಸಿರು ರೆಗೆ ಮಂದೀದು. ಟೋಪಿ ನನ್ನ ಹೆಂಡ್ತಿ ಹೆಣೆದದ್ದು, ಆಕೀಗೇ ಕೇಳ್ರಿ," ಅಂದರು ಕಾಕಾ. ಕಾಕು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಮಗಳು ಮಾತ್ರ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿಯವಳು, ಆ ದಿನ ಮನೆಗೆ ಬಂದು, ನಮ್ಮ ಜನರಲ್ಲಿ ಕೂಲ್ ಅಂತ ಇರುವವರು ಇವರೊಬ್ಬರೇ ಅಂತ ತೀರ್ಪು ಕೊಟ್ಟಳು.

ಮೌಂಟ್ ಆಲ್ಬರ್ಟಿನಲ್ಲಿ ಹಳೆಯ ರೆಕಾರ್ಡುಗಳ ಒಂದು ಅಂಗಡಿ. ಕಾಕಾ ತಮ್ಮ ಹಳೆಯ ಯೂಟ್ ಗಾಡಿಯ ಹಿಂದೆ ಡಬ್ಬ ಹೇರಿಕೊಂಡು ಅಲ್ಲಿಗೆ ಹೋಗುವಾಗ ಒಮ್ಮೆ ನಾನೂ ಜತೆಗಿದ್ದೆ. ಅಂಗಡಿಯವನು ಫೋನಿನಲ್ಲಿದ್ದಾಗ ಕಾಕಾ ಸದ್ದಿಲ್ಲದೆ ತಮ್ಮ ರೆಕಾರ್ಡುಗಳನ್ನು ಸಾಲಿನ ಮುಂದಕ್ಕೆ ತಂದಿಟ್ಟರು. ಹೊರಗೆ ಬಂದು ಗಾಡಿ ಹತ್ತಿದವರು ಮತ್ತೆ ಇಳಿದು ಒಳಗೆ ಹೋದರು. "ಮುಂದಿದ್ದ ಒಂದು ಹುಡುಗೀ ರೆಕಾರ್ಡ್ ಹಿಂದ ಸರಿಸಿದ್ನಲ್ರಿ, ಆಕೀದು ಮೊದಲನೇ ರೆಕಾರ್ಡ್ ಅದು. ಪಾಪ," ಅನ್ನುತ್ತ ವಾಪಸು ಬಂದರು. ತಮ್ಮದನ್ನೇ ಹಿಂದಕ್ಕೆ ಇಟ್ಟು ಬಂದಿದ್ದರು. ವ್ಯಾಪಾರ ಮಾಡಲು ಬಾರದ ಮನುಷ್ಯ ಅಂತ ನಾನು ದಾರಿಯುದ್ದಕ್ಕೂ ರೇಗಿದೆ.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಹಾಡುವವರನ್ನು ಅವರು ಒಂದು ಸಲ ಮಾತ್ರ ಕೇಳುತ್ತಿದ್ದರು. ಹ್ಞೂಂ ಅಂದರೆ ಸರಿ, ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಹಾಡಿ, ಇನ್ನೊಂದು ಹಾಡು ಹಾಡಿ, ನಾಳೆ ಬನ್ನಿ, ಊಹುಂ, ಆ ಮಾತೇ ಇಲ್ಲ. ಗ್ಯಾರೇಜಿಗೆ ಬರುವವರಿಗೆಲ್ಲ ಅದು ಗೊತ್ತಿತ್ತು, ಅದಕ್ಕೇ ಅವರ ಮೇಲೆ ಅಷ್ಟು ಗೌರವ. ಅದೇ ಮನುಷ್ಯ ಊಟಕ್ಕೆ ಕೂತರೆ ರಾಕ್ಷಸ. ಸಾಕು ಸಾಕು ಅಂತ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ರೊಟ್ಟಿ ತೂರಿಸುತ್ತಿದ್ದರು.

"ಇದಕ್ಕೆ ಮಾತ್ರ ಒಂದೇ ಸಲ ಕೇಳೋದು ಇಲ್ವಾ ಕಾಕಾ?" ಅಂತ ನಾನು ಕೆಣಕಿದರೆ, "ಊಟಕ್ಕ ಒತ್ತಾಯ ಮಾಡಬೇಕು, ಹಾಡಿಗೆ ಮಾಡಬಾರದು," ಅನ್ನುತ್ತಿದ್ದರು.

ಈ ಕಟ್ಟುನಿಟ್ಟಿಗೆ ಒಂದು ಕಾರಣ ಇತ್ತು. ಲೇಬಲ್ ಶುರು ಮಾಡಿದ ಕಾಲದಲ್ಲಿ ದೂರದ ಪೊರಿರುವಾ ಊರಿನಲ್ಲಿ ಒಬ್ಬ ಹೆಣ್ಣುಮಗಳು ಹಾಡುತ್ತಿದ್ದಳಂತೆ. ಅಂಥ ಕಂಠ ಆಮೇಲೆ ತಮಗೆ ಸಿಗಲಿಲ್ಲ ಅನ್ನುತ್ತಿದ್ದರು. ಅವಳ ತಂದೆ ತೀರಿಕೊಂಡ ವಾರ ಕಾಕಾ ರೆಕಾರ್ಡಿಂಗ್ ಇಟ್ಟುಕೊಂಡಿದ್ದರು. ಅವಳು ಈಗ ಆಗುವುದಿಲ್ಲ ಅಂದಳು. ಬ್ಯಾಂಡಿನವರು ದೂರದಿಂದ ಬಂದಿದ್ದಾರೆ ಅಂತ ಕಾಕಾ ಎರಡನೇ ಸಲ ಕೇಳಿದರು. ದಾಕ್ಷಿಣ್ಯಕ್ಕೆ ಬಿದ್ದು ಅವಳು ಬಂದು ಹಾಡಿದಳು. ಹಾಡಿ ಎದ್ದು ಹೋದವಳು ಮತ್ತೆ ಯಾರ ಮುಂದೆಯೂ ಬಾಯಿ ತೆರೆಯಲಿಲ್ಲವಂತೆ. ಆ ಹಾಡನ್ನು ಕಾಕಾ ಹೊರಗೆ ತರಲೇ ಇಲ್ಲ. "ಕೈ ಹಾಕಿ ಕಿತಗೊಂಡಂಗ ಆತ್ರಿ," ಅಂತ ಒಮ್ಮೆ ಅಂದರು.

ರೆಗೆ ರೆಕಾರ್ಡುಗಳಲ್ಲಿ ಒಂದು ಪದ್ಧತಿಯಿದೆ, ಅದನ್ನೂ ನನಗೆ ಹೇಳಿಕೊಟ್ಟವರು ಅವರೇ. ಒಂದು ಮಗ್ಗಲಲ್ಲಿ ಹಾಡು. ತಿರುಗಿಸಿದರೆ ಅದೇ ಹಾಡು, ಅದೇ ಬೇಸು, ಅದೇ ಡ್ರಮ್ಮು, ಆದರೆ ಹಾಡುವವರ ದನಿ ಇರುವುದಿಲ್ಲ. ಬೇರೆ ಯಾರಾದರೂ ಅದರ ಮೇಲೆ ತಮ್ಮ ಹಾಡು ಹಾಡಿಕೊಳ್ಳಲಿ ಅಂತ. ಕಾಕಾ ಅದನ್ನು ಖಾಲಿ ಮಗ್ಗಲು ಅನ್ನುತ್ತಿದ್ದರು. ನಾನು, ಇದೊಳ್ಳೆ ಮೋಸ ಕಾಕಾ, ಅರ್ಧ ಹಾಡು ಮಾರ್ತೀರಲ್ಲ ಅಂದರೆ, "ಹಂಗಲ್ರಿ. ಪಂಕ್ತ್ಯಾಗ ಒಂದು ಎಲಿ ಜಾಸ್ತಿ ಹಾಕಿರ್ಬೇಕು, ಯಾರರ ಬರ್ತಾರ," ಅನ್ನುತ್ತಿದ್ದರು.

ಕಾಕು ಹಾಡುತ್ತಾರೆ ಅಂತ ನನಗೆ ಗೊತ್ತಾದದ್ದು ಅಡುಗೆಮನೆಯ ಕಿಟಕಿಯಿಂದ. ಅವರ ಕಿಟಕಿ ನಮ್ಮ ಬಟ್ಟೆ ಒಣಗಿಸುವ ತಂತಿಗೆ ಎದುರು. ಒಂದು ಮಧ್ಯಾಹ್ನ ಬಟ್ಟೆ ಹರವುತ್ತಿದ್ದೆ, ಒಳಗೆ ಕಾಕು ಜೋಳದ ರೊಟ್ಟಿ ಬಡಿಯುತ್ತ ಬೀಸುವ ಪದ ಹಾಡುತ್ತಿದ್ದರು. ಕೈ ಎದ್ದಾಗ ಪದ, ಬಿದ್ದಾಗ ಪೆಟ್ಟು. ದನಿ ಅಂದರೆ ಸಣ್ಣ ದನಿಯಲ್ಲ, ಮಣ್ಣಿನ ಮಡಕೆಯೊಳಗಿಂದ ಬಂದಹಾಗೆ ತುಂಬಿದ ದನಿ. ನಾನು ಒದ್ದೆ ಟವಲು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ನನ್ನನ್ನು ಕಂಡದ್ದೇ ಕಾಕು ನಿಲ್ಲಿಸಿ, "ಏನಿಲ್ಲ ತಂಗಿ, ಸುಮ್ನ," ಅಂದರು.

ಸಂಜೆ ಕಾಕಾನನ್ನು ಹಿಡಿದುಕೊಂಡೆ. "ಮನೇಲೇ ಇಂಥ ಗಂಟಲು ಇಟ್ಕೊಂಡು ಪೊರಿರುವಾ ತನಕ ಯಾಕೆ ಹೋಗ್ತೀರಿ? ಕಾಕು ಹಾಡನ್ನ ರೆಕಾರ್ಡ್ ಮಾಡ್ಬಾರದಾ?"

ಅವರು ಕೈಯಲ್ಲಿದ್ದ ರೆಕಾರ್ಡನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಲೇಬಲ್ ಶುರು ಮಾಡಿದ್ದ ಅದಕ್ರಿ," ಅಂದರು. "ರೆಗೆ ಮ್ಯಾಲೆ ಒಂದು ಬೀಸೋ ಪದ. ಅದೊಂದು ಆದ್ರ ಸಾಕಿತ್ತು. ಕೇಳಿದ್ದೆ. ಆಕಿ ಒಲ್ಲೆ ಅಂದ್ಲು."

"ಇನ್ನೊಂದು ಸಲ ಕೇಳಿ."

"ಇಲ್ರಿ."

"ಹೆಂಡ್ತೀನ ಕೇಳೋದಕ್ಕೂ ಅದೇ ರೂಲಾ?"

"ಹೆಂಡ್ತಿ ಅಂತ ಹೆಚ್ಚು ಕೇಳಬೇಕೇನು? ಆಕೀನ ಹೆಚ್ಚು ಕಾಡಬಾರದು," ಅಂದರು. ಆ ಮಾತು ನನಗೆ ಹಿಡಿಸಿತು. ನಮ್ಮ ಗಂಡಸರಲ್ಲಿ ಇಂಥವರೂ ಇದ್ದಾರಲ್ಲ ಅಂತ ಮನೆಗೆ ಬಂದು ಗಂಡನಿಗೆ ಚುಚ್ಚಿಯೂ ಹೇಳಿದೆ. ಕಾಕು ನಾಚಿಕೆಯ ಸ್ವಭಾವದವರು, ನಿಜವಾಗಿಯೂ ಇಷ್ಟವಿಲ್ಲವೇನೋ ಅಂದುಕೊಂಡೆ. ಆ ಮಾತು ಅಲ್ಲಿಗೆ ನಿಂತಿತು.

ಈ ಚಳಿಗಾಲದಲ್ಲಿ ಕಾಕಾ ಹೋದರು. ಬೆಳಿಗ್ಗೆ ಚಹಾ ಕುಡಿದು ಗ್ಯಾರೇಜಿಗೆ ಹೋದವರು ಅಲ್ಲೇ ಕುರ್ಚಿಯಲ್ಲಿ ಒರಗಿದ್ದರು. ನಾನು ಕೆಲಸದಿಂದ ಓಡಿ ಬರುವಷ್ಟರಲ್ಲಿ ಆಂಬುಲೆನ್ಸಿನವರು ಸಾಮಾನು ಕಟ್ಟಿಕೊಳ್ಳುತ್ತಿದ್ದರು. ಮಣ್ಣಿಗೆ ಬಂದ ಕನ್ನಡದವರು ಒಂದು ಕಾರಿನಷ್ಟು. ಆದರೆ ನಮ್ಮ ಬೀದಿ ತುಂಬ ಗಾಡಿಗಳು ನಿಂತಿದ್ದವು. ಬ್ಯಾಂಡುಗಳವರು, ಅವರ ಹೆಂಡಿರು ಮಕ್ಕಳು, ಎಲ್ಲರೂ ಬಂದು ಮನೆಯ ಮುಂದಿನ ಹುಲ್ಲಿನ ಮೇಲೆ ನಿಂತು ಹಾಡಿ ಅವರನ್ನು ಕಳಿಸಿಕೊಟ್ಟರು. ಕಾಕು ಗೋಡೆಗೆ ಒರಗಿ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

ಹೋದ ಭಾನುವಾರ ಹೇಮಿ ಬಂದಿದ್ದ. ಹೇಮಿ ಪೊರಿರುವಾದವನು, ಕಾಕಾನ ಮೊದಲ ರೆಕಾರ್ಡುಗಳಿಂದಲೂ ಬೇಸ್ ಗಿಟಾರ್ ನುಡಿಸಿದವನು. ಈಗ ಅವನ ಗಡ್ಡವೂ ಬೆಳ್ಳಗಾಗಿದೆ. ಗ್ಯಾರೇಜಿನ ಟೇಪುಗಳಿಗೆ ಥಂಡಿ ಹಿಡಿಯಬಾರದೆಂದು ಅವನ್ನು ಕಟ್ಟಿ ತೆಗೆದಿಡಲು ದಿನವಿಡೀ ಗಾಡಿ ಓಡಿಸಿಕೊಂಡು ಬಂದಿದ್ದ. ನಾನೂ ಕಾಕೂ ಡಬ್ಬಗಳಿಗೆ ಬಟ್ಟೆ ಸುತ್ತಿ ಕೊಡುತ್ತಿದ್ದೆವು. ಮೇಲಿನ ಹಲಗೆಯಿಂದ ಹೇಮಿ ಒಂದು ರೆಕಾರ್ಡು ಇಳಿಸಿದ. ಮೇಲೆ ಹೆಸರಿಲ್ಲ, ಬೀಸುಕಲ್ಲಿನ ಚಿತ್ರವಿಲ್ಲ, ಬರಿ ಬಿಳಿ ಕಾಗದ. ಹಾಡು ಇರಬೇಕಾದ ಮಗ್ಗಲು ಗೆರೆಗಳೇ ಇಲ್ಲದೆ ನುಣ್ಣಗಿತ್ತು.

ಹೇಮಿ ಅದನ್ನು ನೋಡಿ ಕ್ರೇಟಿನ ಮೇಲೆ ಕೂತುಬಿಟ್ಟ. ಇದು ನಾವು ನುಡಿಸಿದ್ದು, ಬಹಳ ವರ್ಷವಾಯಿತು ಅಂದ. ಇಂಥ ಹಿಂಸೆಯ ರೆಕಾರ್ಡಿಂಗ್ ಇನ್ನೊಂದಿಲ್ಲವಂತೆ. ಕಾಕಾ ಗಳಿಗೆಗೊಮ್ಮೆ ನಿಲ್ಲಿಸಿ, ಹೊರಗೆ ಹೋಗಿ ಅಡುಗೆಮನೆಯ ಗೋಡೆಗೆ ಕಿವಿಕೊಟ್ಟು ನಿಂತು, ಬಾಯಲ್ಲಿ ಒಂದು ಶ್ರುತಿ ಗುನುಗಿಕೊಳ್ಳುತ್ತ ಓಡಿ ಬಂದು, ಇನ್ನೂ ಸ್ವಲ್ಪ ಮೇಲೆ, ಊಹುಂ, ಸ್ವಲ್ಪ ಕೆಳಗೆ ಅನ್ನುತ್ತಿದ್ದರಂತೆ. ಹಾಡುವವರು ಯಾರು ಅಂತ ಕೇಳಿದರೆ, ಅವಳಿಗೆ ಮನಸ್ಸು ಬಂದಾಗ ಬರುತ್ತಾಳೆ ಅಂದಿದ್ದರಂತೆ.

ನಾನು ಕಾಕುವಿಗೆ ಕನ್ನಡದಲ್ಲಿ ಹೇಳಿದೆ. ಹೇಮಿ ರೆಕಾರ್ಡಿನ ಇನ್ನೊಂದು ಮಗ್ಗಲು ಹಚ್ಚಿದ. ಬೇಸ್ ಶುರುವಾಯಿತು, ಅದರ ಹಿಂದೆ ಗಿಟಾರು, ಜಗ್ಗಿದಾಗ ಸುಮ್ಮನಿದ್ದು ಬಿಟ್ಟಾಗ ಬೀಳುವ ಪೆಟ್ಟು. ಕಾಕು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿದರು.

"ಇದು ನನ್ನ ಪದ," ಅಂದರು.

"ಕಾಕಾ ನಿಮ್ಮನ್ನ ಕೇಳಿದ್ರಂತಲ್ಲ ಕಾಕು. ನೀವು ಒಲ್ಲೆ ಅಂದ್ರಂತೆ."

"ನಾ ಯಾವಾಗ ಒಲ್ಲೆ ಅಂದೆ?" ಕಾಕು ನನ್ನ ಮುಖ ನೋಡಿದರು. "ಒಮ್ಮಿ ಕೇಳಿದ್ರು. ರೊಟ್ಟಿ ಬಡೀತಿದ್ದೆ. ಒಂದು ಬೀಸೋ ಪದ ಹಾಡ್ತೀಯೇನು, ರೆಕಾರ್ಡ್ ಮಾಡೂಣು ಅಂದ್ರು. ನಾನು, ಅಯ್ಯ, ನನಗೆಲ್ಲಿ ಬರ್ತೈತಿ ಬಿಡ್ರಿ, ಅಂದೆ."

"ಆಮೇಲೆ?"

"ಆಮ್ಯಾಲೇನು. ಬಿಟ್ಟ್ರು."

ರೆಕಾರ್ಡು ತಿರುಗುತ್ತಲೇ ಇತ್ತು.

"ಒಮ್ಮಿ ಕೇಳಿದ ಕೂಡ್ಲೆ ಹ್ಞೂಂ ಅಂತ ಕುಂದರ್ತಾರೇನು ತಂಗಿ? ಬಸುರಿ ಕುಬಸ ಇರ್ಲಿ, ಕೂಸಿನ ತೊಟ್ಲಿರ್ಲಿ, ಹಾಡಾಕಿನ್ನ ಮೂರು ಸಲ ಕೇಳ್ಬೇಕು. ಆಕಿ ಗಂಟಲ ಸರಿ ಇಲ್ಲ ಅನ್ಬೇಕು, ಮರತೈತಿ ಅನ್ಬೇಕು, ಆಮ್ಯಾಲೆ ಹಾಡ್ಬೇಕು. ನಮ್ಮವ್ವ ಹಂಗ ಕಲಿಸ್ಯಾಳ. ಊಟಕ್ಕ ಹೆಂಗೋ ಹಾಡಿಗೂ ಹಂಗ. ನಾ ಕಾಯ್ದೆ. ಇವತ್ತ ಕೇಳ್ತಾರ, ಹಬ್ಬ ಆದಮ್ಯಾಲೆ ಕೇಳ್ತಾರ ಅಂತ ಕಾಯ್ದೆ. ನನ್ನ ಹಾಡು ಅವರಿಗೆ ಅಷ್ಟೇನು ಬೇಕಾಗಿದ್ದಿಲ್ಲ, ಬಾಯಿಮಾತಿಗೆ ಕೇಳಿದ್ರು ಅಂತ ತಿಳಕೊಂಡೆ."

"ಅವರು ಯಾರನ್ನೂ ಎರಡನೇ ಸಲ ಕೇಳ್ತಿರ್ಲಿಲ್ಲ ಕಾಕು. ಅದು ಅವರ ರೂಲು."

"ಗೊತ್ತೈತಿ. ಅದು ಹೊರಗಿನವರಿಗೆ ಅಂತ ತಿಳಕೊಂಡಿದ್ದೆ," ಅಂದರು ಕಾಕು.

ಆಗ ಬಂತು ನೋಡಿ ನನಗೆ ಸಿಟ್ಟು, ಇನ್ನೂ ಇಳಿದಿಲ್ಲ. ಕುಬಸದ ಮನೆಯಲ್ಲಿ, ಗೌರಿ ಹಬ್ಬದಲ್ಲಿ, ಬೇಡ ಬೇಡ ಅನ್ನುವ ಹೆಂಗಸರ ನಡುವೆಯೇ ಬೆಳೆದ ಮನುಷ್ಯ. ತಟ್ಟೆಯ ಮೇಲಿನ ಕೈಯ ಅರ್ಥ ಚೆನ್ನಾಗಿ ಗೊತ್ತಿದ್ದವರು. ಬೇರೆಯವರ ಮನಸ್ಸು ನೋಯಿಸಿದೆನಲ್ಲ ಅನ್ನುವ ಒಂದು ಸಂಕಟಕ್ಕೆ ಕಟ್ಟಿಬಿದ್ದು, ಸ್ವಂತ ಮನೆಯ ಮಾತೇ ಮರೆತುಬಿಟ್ಟರು. ಅವಳನ್ನು ಕಾಡಬಾರದು ಅಂತ ಕಾಕಾ ಸುಮ್ಮನಿದ್ದರು, ಅವರಿಗೆ ಬೇಡವೇನೋ ಅಂತ ಕಾಕು ಸುಮ್ಮನಿದ್ದರು, ನಡುವೆ ಗ್ಯಾರೇಜಿನ ಒಂದು ಗೋಡೆ. ಒಂದೇ ಮನೆಯಲ್ಲಿ ಎರಡು ಒಳ್ಳೆಯ ಜೀವಗಳು ಹೀಗೆ ಕಾಯುತ್ತ ಕೂತು ಕಾಲ ಕಳೆದರಲ್ಲ.

ರೆಕಾರ್ಡು ಮುಗಿಯಿತು. ನಾನು, "ಕಾಕು, ಒಂದು ಪದ ಹೇಳಿ," ಅಂದೆ.

"ನನಗೆಲ್ಲಿ ಬರ್ತೈತಿ."

"ಹೇಳಿ ಕಾಕು."

"ಗಂಟಲ ಹೋಗೈತಿ ತಂಗಿ."

"ಪರವಾಗಿಲ್ಲ, ಹೇಳಿ."

ಕಾಕು ಸೆರಗು ಹೊದ್ದುಕೊಂಡರು. ಹೇಮಿ ಮತ್ತೆ ಹಚ್ಚಿದ. ಅವರು ಕಣ್ಣು ಮುಚ್ಚಿ ಪದ ಎತ್ತಿದರು. ತವರಿಗೆ ಹೋಗುವ ದಾರಿಯ ಪದ. ದನಿ ನಡುಗುತ್ತಿತ್ತು, ಮೊದಲಿನ ತುಂಬು ಇರಲಿಲ್ಲ, ಉಸಿರು ಸಾಲದೆ ಸಾಲಿನ ಕೊನೆ ಅಲ್ಲಲ್ಲಿ ಉದುರುತ್ತಿತ್ತು. ಆದರೂ ಶ್ರುತಿ ಒಂದು ಕೂದಲು ಆಚೀಚೆ ಆಗಲಿಲ್ಲ. ಗೋಡೆಗೆ ಕಿವಿಕೊಟ್ಟು ಅಳತೆ ತೆಗೆದು ಹೊಲಿಸಿದ ಕುಬಸದಂತೆ ಕೂತಿತು. ಹೇಮಿ ತಲೆ ತಗ್ಗಿಸಿಕೊಂಡು ಅಳುತ್ತಿದ್ದ. ನಾನೂ ಅತ್ತೆ.

ಹಾಡು ಮುಗಿದ ಮೇಲೆ ಹೇಮಿ ಮುಖ ಒರೆಸಿಕೊಂಡು ಫೋನು ಹೊರತೆಗೆದ. ಇನ್ನೊಮ್ಮೆ ಹಾಡುತ್ತೀರಾ ಆಂಟಿ, ರೆಕಾರ್ಡು ಮಾಡಿಕೊಳ್ಳಲಾ, ಅಂತ ಮೆಲ್ಲಗೆ ಕೇಳಿದ.

"ನೋ ನೋ," ಅಂದರು ಕಾಕು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. "ನಾಟ್ ಗುಡ್."

ಹೇಮಿ ಸಾರಿ ಅಂದ. ಹಾಗೆ ಅಂದವನೇ ಫೋನನ್ನು ಜೇಬಿಗೆ ಇಳಿಸಿದ. ಕಾಕಾನ ಕೈಯಲ್ಲಿ ಪಳಗಿದವನಲ್ಲವೇ.

"ಮತ್ತೆ ಕೇಳು," ಅಂತ ನಾನು ಇಂಗ್ಲಿಷಿನಲ್ಲಿ ಗದರಿದೆ. ಅವನು ಗಾಬರಿಯಾಗಿ, ಬಾಸ್ ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಅಂದ.

"ಬಾಸ್‌ಗೆ ನಾನು ಹೇಳಿಕೊಳ್ಳುತ್ತೇನೆ, ನೀನು ಕೇಳು," ಅಂದೆ.

ಅವನು ಕೇಳಿದನೋ ಇಲ್ಲವೋ, ಕಾಕು ಆಗಲೇ ಪ್ಲೇಯರಿನ ಹತ್ತಿರ ಹೋಗಿ, ಮುಳ್ಳನ್ನು ಎತ್ತಿ ಹಾಡು ಶುರುವಾಗುವ ರೆಕಾರ್ಡಿನ ಅಂಚಿಗೆ ತಂದು ಹಿಡಿದಿದ್ದರು.